ಮಲ್ಲನ ಪಟ್ಟು ಮತ್ತು ಗುರುತ್ವಕೇಂದ್ರ

೧೯೧೦ನೆಯ ಇಸವಿಯ ಸೆಪ್ಟೆಂಬರ್ ೧೦ರಂದು ಲಂಡನ್ ನಗರದಲ್ಲಿ ಒಂದು ವಿಚಿತ್ರವಾದ ಕುಸ್ತಿ ನಡೆಯಿತು. ಒಂದು ಕಡೆ ನಮ್ಮ ದೇಶದ ಗಾಮಾ ಪೈಲ್ವಾನ. ಇನ್ನೊಂದು ಕಡೆ ಪೋಲೆಂಡಿನ ಜಿಬಿಸ್ಕೋ. ಗಾಮಾನ ವೇಗವನ್ನು ಕಂಡ ಜಿಬಿಸ್ಕೋ ಬೇಗನೆ ಚಾಪೆಗೆ ಮೈಯೊಡ್ಡಿ ಬೋರಲಾದನು. ಬಹುಮಟ್ಟಿಗೆ ಕೊನೆಯವರೆಗೂ ಹಾಗೆಯೇ ಉಳಿದನು. ಎರಡೂವರೆ ಗಂಟೆಗೂ ಮೀರಿ ಹೆಣಗಿದರೂ ಗಾಮಾ ಅವನನ್ನು ಮಗುಚಲಾರದೆ ಹೋದನು. ಪಂದ್ಯ ಸಮವಾಯಿತು. ಮರುವಾರದ ಪಂದ್ಯಕ್ಕೆ ಜಿಬಿಸ್ಕೋ ಬರಲೇ ಇಲ್ಲ. ೧೯೨೮ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಸಂಧಿಸಿದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದನು.

ಅದೇ ಇಬ್ಬರು ಮಲ್ಲರು. ಒಮ್ಮೆ ಎರಡೂವರೆ ಗಂಟೆಯಲ್ಲಿಯೂ ಆಗದ ಕೆಲಸ ಇನ್ನೊಮ್ಮೆ ಒಂದು ನಿಮಿಷದಲ್ಲಿ ಆಯಿತು. ವಯಸ್ಸು, ಅಭ್ಯಾಸ, ಅಖಾಡದ ನೆಲ ಇವುಗಳಿಗೂ ಇದರಲ್ಲಿ ಪಾಲುಂಟು. ಆದರೆ ಭೌತಶಾಸ್ತ್ರವನ್ನು ಓದುವವರ ಕಣ್ಣಿಗೆ ಮೊದಲು ಬೀಳುವುದು ನಿಂತ ದೇಹಕ್ಕೂ ಮಲಗಿದ ದೇಹಕ್ಕೂ ಇರುವ ಅಂತರ.

ಯಾವುದೇ ವಸ್ತುವಿನ ತೂಕವೆಲ್ಲ ಒಂದು ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಬಹುದಷ್ಟೆ. ಅದೇ ಗುರುತ್ವಕೇಂದ್ರ. ನೆಟ್ಟಗೆ ನಿಂತ ಮನುಷ್ಯನಲ್ಲಿ ಅದು ಹೊಕ್ಕುಳಿನ ಮಟ್ಟಕ್ಕೆ ತುಸು ಕೆಳಗೆ ಇರುತ್ತದೆ. ಹದಿನೇಳನೆಯ ಶತಮಾನದಲ್ಲಿಯೇ ಇಟಲಿಯ ಬೊರೆಲ್ಲಿ ಎಂಬ ವಿದ್ವಾಂಸನು ಮನುಷ್ಯನನ್ನು ಹಲಗೆಯ ಮೇಲೆ ಮಲಗಿಸಿ ತೂಗಿಸಿ ಇದನ್ನು ಕಂಡುಕೊಂಡನು. ಓದುಗರೂ ಇದನ್ನು ಮಾಡಿ ನೋಡಬಹುದು. ೨೦೦ ಸೆಂಟಿಮೀಟರ್ ಉದ್ದದ ಗಟ್ಟಿ ಹಲಗೆಯ ಒಂದು ತುದಿಯನ್ನು ಮರದ ತುಂಡಿನ ಮೇಲೂ ಇನ್ನೊಂದನ್ನು ತಕ್ಕಡಿಯ ಮೇಲೂ ಇಡಿ. ಮರದ ತುಂಡಿನ ನೇರಕ್ಕೆ ಅಂಗಾಲು ಬರುವಂತೆ ಗೆಳೆಯನೊಬ್ಬನನ್ನು ಮಲಗಿಸಿ. ಅವನ ತೂಕ ೭೦ ಕಿಲೋಗ್ರಾಂ ಆಗಿದ್ದು, ಹಲಗೆಯ ಪಾಲನ್ನು ಕಳೆದ ಮೇಲೆ ತಕ್ಕಡಿ ೩೩ ಕಿಲೋಗ್ರಾಂ ತೋರಿಸಿದರೆ, ಅವನ ಗುರುತ್ವಕೇಂದ್ರವು ಅಂಗಾಲಿನಿಂದ ೩೩ × ೨೦೦ ÷ ೭೦, ಎಂದರೆ ಸುಮಾರು ೯೪ ಸೆಂಟಿಮೀಟರ್ ದೂರದಲ್ಲಿದೆ.

ಈ ಬಿಂದುವಿನಿಂದ ಇಳಿಬಿಟ್ಟ ಲಂಬರೇಖೆಯು ಎರಡು ಪಾದಗಳೂ ಅವುಗಳ ನಡುವಣ ನೆಲವೂ ಸೇರಿದ ಆಧಾರದೊಳಗೆ ಬೀಳುವವರೆಗೂ ಮನುಷ್ಯ ನಿಲ್ಲುತ್ತಾನೆ. ಹೊರಗೆ ಬಿದ್ದರೆ ಉರುಳುತ್ತಾನೆ. ಕುಸ್ತಿಯ ವಿದ್ಯೆಯಲ್ಲಿ ಬಹುಪಾಲು ಈ ಒಂದು ವಾಕ್ಯದಲ್ಲಿಯೇ ಅಡಗಿದೆಯೆಂದರೆ ಹಿರಿಯ ಉಸ್ತಾದರು ನಕ್ಕಾರು. ಆದರೂ ಲೆಕ್ಕ ಹಾಕಿ ನೋಡೋಣ.

೭೦ ಕಿಲೋಗ್ರಾಂ ತೂಕದ ಮಲ್ಲನು ಕಾಲುಗಳನ್ನು ಅಕ್ಕಪಕ್ಕದಲ್ಲಿ ಅಗಲಿಸಿ ನಿಂತಿದ್ದಾನೆ. ಆಧಾರದ ಅರ್ಧ ಅಗಲ ೩೦ ಸೆಂಟಿಮೀಟರ್. ೧೨೦ ಸೆಂಟಿಮೀಟರ್ ಎತ್ತರದಲ್ಲಿ ಅವನ ಎದೆಯನ್ನು ಪಕ್ಕಕ್ಕೆ ನೂಕಿ ಉರುಳಿಸಲು ೭೦ × ೩೦ ÷ ೧೨೦, ಎಂದರೆ ಹದಿನೇಳೂವರೆ ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಅವನು ಮಂಡಿ ಬಗ್ಗಿಸಿ, ಕಾಲನ್ನು ಇನ್ನೂ ಅಗಲಿಸಿ, ಅರ್ಧ ಅಗಲವನ್ನು ೪೦ಕ್ಕೆ ಹೆಚ್ಚಿಸಿ ಎದೆಯನ್ನು ೮೦ಕ್ಕೆ ಇಳಿಸಿದರೆ ಬೇಕಾಗುವ ಬಲ ೩೫ ಕಿಲೋಗ್ರಾಂ, ಎರಡರಷ್ಟು! ಆದರೆ ಮೊದಲಿನ ನಿಲುವಿನಲ್ಲಿಯೇ ಅವನನ್ನು ಪಕ್ಕಕ್ಕೆ ನೂಕದೆ ಮುಂದಕ್ಕೆ ಎಳೆದರೆ? ಆಗ ಆಧಾರವೆಂದರೆ ಪಾದದ ಉದ್ದ ಮಾತ್ರ. ರೇಖೆಯಿಂದ ಬೆರಳ ತುದಿಗೆ ೧೨ ಸೆಂಟಿಮೀಟರ್ ಇದ್ದರೆ ೭ ಕಿಲೋಗ್ರಾಂ ಬಲ ಸಾಕು. ಮಲ್ಲನು ಕಾಲನ್ನು ಹೇಗೆ ಇಟ್ಟರೂ ಎರಡು ಹಿಮ್ಮಡಿಗಳನ್ನು ಕೂಡಿಸುವ ಗೆರೆಗೆ ಅಡ್ಡಲಾದ ದಿಕ್ಕಿನಲ್ಲಿ ಅವನು ದುರ್ಬಲನೇ. ಜಾಣನಾದ ಪೈಲ್ವಾನನು ಎದುರಾಳಿಯ ಮುಖಕ್ಕಿಂತ ಹೆಚ್ಚಾಗಿ ಪಾದಗಳನ್ನು ಗಮನಿಸುವುದು ಇದಕ್ಕಾಗಿಯೇ.

ಮನುಷ್ಯನು ಮರದ ಕೊರಡಲ್ಲ, ಎಳೆದರೆ ಹೆಜ್ಜೆ ಮುಂದಿಟ್ಟು ಹೊಸ ಆಧಾರವನ್ನು ಕಲ್ಪಿಸಿಕೊಳ್ಳುತ್ತಾನೆ ಎಂದು ಓದುಗರು ಆಕ್ಷೇಪಿಸಬಹುದು. ನಿಜ. ಆದ್ದರಿಂದಲೇ ಪಟ್ಟು ಹಾಕುವವನು ಆ ಹೆಜ್ಜೆ ನೆಲ ಮುಟ್ಟುವುದಕ್ಕೆ ಮೊದಲೇ ಕೆಲಸ ಮುಗಿಸಬೇಕು. ಇಲ್ಲವೇ ತನ್ನ ಕಾಲನ್ನು ಅಡ್ಡವಿಟ್ಟು ಹೆಜ್ಜೆಯನ್ನೇ ತಡೆಯಬೇಕು.

ಇನ್ನು ಜಿಬಿಸ್ಕೋವಿನ ವಿಷಯ. ನೆಟ್ಟಗೆ ನಿಂತವನನ್ನು ಪಕ್ಕಕ್ಕೆ ಉರುಳಿಸುವಾಗ ಅವನ ಗುರುತ್ವಕೇಂದ್ರ ಸುಮಾರು ೫ ಸೆಂಟಿಮೀಟರ್ ಮೇಲೇರಿದರೆ ಸಾಕು. ಮುಂದಿನ ಕೆಲಸವನ್ನು ಭೂಮಿಯೇ ನೋಡಿಕೊಳ್ಳುತ್ತದೆ. ಕೈಕಾಲು ಚಾಚಿ ಬೋರಲು ಮಲಗಿದವನ ಕೇಂದ್ರ ನೆಲದಿಂದ ಕೇವಲ ೧೨ ಸೆಂಟಿಮೀಟರ್ ಎತ್ತರದಲ್ಲಿದ್ದು, ಆಧಾರದ ಅರ್ಧ ಅಗಲ ೪೦ ಇದ್ದರೆ, ಮಗುಚುವುದಕ್ಕೆ ಅದನ್ನು ಸುಮಾರು ೩೦ ಸೆಂಟಿಮೀಟರ್ ಎತ್ತಬೇಕು. ಅದೂ ಗಾಮಾನಿಗಿಂತ ಬಹಳ ಭಾರವಾದ ದೇಹವನ್ನು, ಅದು ನೆಲಕ್ಕೆ ಅಂಟಿಕೊಳ್ಳಲು ಹೆಣಗುತ್ತಿರುವಾಗ! ಜಿಬಿಸ್ಕೋ ಹೇಡಿಯೆಂದು ಹಳಿದವರುಂಟು. ಅವನ ಗಣಿತ ಮಾತ್ರ ತಪ್ಪಿರಲಿಲ್ಲ.

ಪಟ್ಟನ್ನು ತಿದ್ದುವುದಕ್ಕೆ ಈ ಲೆಕ್ಕ ಉಪಯೋಗಕ್ಕೆ ಬಂದೀತೆ? ನಮ್ಮ ವಿದ್ಯಾರ್ಥಿಯೊಬ್ಬನು ಗರಡಿಯಲ್ಲಿ ಸಾಧನೆ ಮಾಡುವವನು. ಅವನಿಗೆ ಧೋಬಿಪಾಟ್ ಎಂಬ ಪಟ್ಟಿನ ಮೇಲೆ ಬಹಳ ಮೋಹ. ಎದುರಾಳಿಯ ಒಂದು ತೋಳನ್ನು ಎರಡು ಕೈಗಳಿಂದ ಹಿಡಿದು, ಗಕ್ಕನೆ ತಿರುಗಿ, ಅವನನ್ನು ಬೆನ್ನ ಮೇಲೆ ತಂದುಕೊಂಡು, ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿಯುವಂತೆ ಮುಂದಕ್ಕೆ ಎಸೆಯುವುದೇ ಈ ಪಟ್ಟು. ತನಗಿಂತ ಭಾರವಾದವರ ಮೇಲೆ ಇದನ್ನು ಪ್ರಯೋಗಿಸಿ ಅವನು ಎರಡು ಸಲ ಹಿಂದಕ್ಕೆ ಬಿದ್ದು ಎದುರಾಳಿಯ ಅಡಿ ಸಿಕ್ಕಿಕೊಂಡನು. ಎರಡನೆಯ ಸಲ ಭುಜಕ್ಕೆ ಪೆಟ್ಟಾಯಿತು. ಕುಸ್ತಿಯನ್ನೇ ಬಿಡಿಸಬೇಕೆಂದು ಮನೆಯವರು ನಿಶ್ಚಯಿಸಿದ್ದರು. ತೋಳಿನ ಶಕ್ತಿ ಸಾಲದೆಂದು ಅವನೂ ದಿನಕ್ಕೆ ನೂರು ಬಸ್ಕಿ, ದಂಡೆಗಳನ್ನು ಹೆಚ್ಚಿಗೆ ಹೊಡೆಯತೊಡಗಿದ್ದನು.

ಮೊಬೈಲ್ ಫೋನಿನಲ್ಲಿ ಪಕ್ಕದಿಂದ ತೆಗೆದ ಚಿತ್ರವನ್ನು ನಿಧಾನವಾಗಿ ನಡೆಸಿ ನೋಡಿದೆವು. ಅವನು ತಿರುಗಿ ನಿಂತಾಗ ಇಬ್ಬರ ಗುರುತ್ವಕೇಂದ್ರಗಳ ನಡುವೆ ಸುಮಾರು ೪೦ ಸೆಂಟಿಮೀಟರ್ ಅಂತರವಿತ್ತು. ಎದುರಾಳಿ ಬೆನ್ನೇರಿದ ಕ್ಷಣದಿಂದ ಇಬ್ಬರೂ ಸೇರಿ ಒಂದೇ ವಸ್ತು. ಆ ವಸ್ತುವಿಗೆ ಇರುವ ಆಧಾರ ಅವನ ಎರಡು ಪಾದಗಳು ಮಾತ್ರ. ಅವನ ತೂಕ ೬೫, ಎದುರಾಳಿಯದು ೮೦ ಕಿಲೋಗ್ರಾಂ. ಕೂಡು ಗುರುತ್ವಕೇಂದ್ರವು ಅವನ ಕೇಂದ್ರದಿಂದ ೪೦ × ೮೦ ÷ ೧೪೫, ಎಂದರೆ ೨೨ ಸೆಂಟಿಮೀಟರ್ ಹಿಂದಿರುತ್ತದೆ. ಪಾದದ ನಡುಭಾಗದಿಂದ ಹಿಮ್ಮಡಿಯ ಅಂಚಿಗಾದರೋ ಸುಮಾರು ೧೨ ಸೆಂಟಿಮೀಟರ್. ರೇಖೆ ಹೊರಗೆ ಬಿತ್ತು. ಹಿಂದಕ್ಕೆ ಬೀಳುವುದು ಅನಿವಾರ್ಯ. ತೋಳು ಭೀಮನದಾಗಿದ್ದರೂ ಇದು ತಪ್ಪುತ್ತಿರಲಿಲ್ಲ. ಬೆನ್ನನ್ನು ಎದುರಾಳಿಯ ಎದೆಗೆ ಒತ್ತಿ ಅಂತರವನ್ನು ೨೦ಕ್ಕೆ ಇಳಿಸಿದರೆ ಕೂಡುಕೇಂದ್ರವು ೧೧ ಸೆಂಟಿಮೀಟರಿಗೆ ಬರುತ್ತದೆ, ಅಂದರೆ ಆಧಾರದೊಳಗೆ. ಜೊತೆಗೆ ಮಂಡಿ ಬಗ್ಗಿಸಿ ಸೊಂಟವನ್ನು ಎದುರಾಳಿಯ ಕೇಂದ್ರಕ್ಕಿಂತ ಕೆಳಗೆ ತಂದರೆ ಸೊಂಟವೇ ಸನ್ನೆಕೋಲಿನ ಆನಿಕೆಯಾಗುತ್ತದೆ.

ಈ ಲೆಕ್ಕದ ಕಾಗದವನ್ನು ಉಸ್ತಾದರಿಗೆ ತೋರಿಸಿದಾಗ ಅವರು, “ಅವನ ಎದೆಗೂ ನಿನ್ನ ಬೆನ್ನಿಗೂ ಮಧ್ಯೆ ಗಾಳಿ ಆಡ್ತದೆ ಮಗಾ, ಅಂತ ಆರು ತಿಂಗಳಿಂದ ಹೇಳ್ತಾ ಇದೀನಿ” ಎಂದರು. ಶಿಷ್ಯನಿಗೆ ಮಾತು ನಾಟಿರಲಿಲ್ಲ, ಅಂಕಿ ನಾಟಿತು. ಎರಡು ತಿಂಗಳು ಎಸೆತವನ್ನೇ ನಿಲ್ಲಿಸಿ ಬರಿಯ ತಿರುಗುವಿಕೆಯನ್ನು ಅಭ್ಯಾಸಮಾಡಿಸಿದರು. ಬೆನ್ನಿಗೂ ಎದೆಗೂ ನಡುವೆ ಒಂದು ಟವೆಲನ್ನು ಇಟ್ಟು ಅದು ಜಾರಿ ಬೀಳದಂತೆ. ಈಗ ೮೦ ಕಿಲೋಗ್ರಾಂ ತೂಕದ ಜೊತೆಗಾರನನ್ನು ಅವನು ಕೆಮ್ಮಣ್ಣಿನ ಮೇಲೆ ಸಲೀಸಾಗಿ ಎಸೆಯುತ್ತಾನೆ.

ಕೆಮ್ಮಣ್ಣಿನ ಮೇಲೆ ಎಂದೆವು. ಆದರೆ ಅಧಿಕೃತ ಸ್ಪರ್ಧೆಗಳು ನಡೆಯುವುದು ಮ್ಯಾಟಿನ ಮೇಲೆ. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು ಮಣ್ಣಿನ ಅಖಾಡದಲ್ಲಿ ಬೆಳೆದವರು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಪರಿಚಯವಿಲ್ಲದೆ ಆರನೆಯವರಾದರು, ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗಳಿಸಿದರು. ಹದಮಾಡಿದ ಮಣ್ಣಿನಲ್ಲಿ ಪಾದ ತಿರುಗಿದರೆ ಮಣ್ಣೂ ಜೊತೆಗೆ ಸರಿಯುತ್ತದೆ. ಮ್ಯಾಟಿನ ಮೇಲೆ ರಬ್ಬರಿನ ಅಟ್ಟೆ ಕಚ್ಚಿಕೊಳ್ಳುತ್ತದೆ. ದೇಹ ತಿರುಗಿದರೂ ಪಾದ ತಿರುಗದೆ ಆ ತಿರುಚು ಮಂಡಿಗೆ ತಗಲುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಘರ್ಷಣ ಬಲವು ತಾಗಿದ ಮೇಲ್ಮೈಯ ವಿಸ್ತಾರವನ್ನು ಅಷ್ಟಾಗಿ ಅವಲಂಬಿಸದು ಎಂದು ತರಗತಿಯಲ್ಲಿ ಓದುತ್ತೇವೆ. ಆದರೆ ತಿರುಗುವುದಕ್ಕೆ ಆಗುವ ತಡೆ ಹಾಗಲ್ಲ. ತಾಗಿದ ಭಾಗ ಚಿಕ್ಕದಾದಷ್ಟೂ ಘರ್ಷಣೆಯು ತಿರುಗುವ ಅಕ್ಷಕ್ಕೆ ಹತ್ತಿರವಾಗಿ ಆ ತಡೆ ಕಡಿಮೆಯಾಗುತ್ತದೆ. ಹಿಮ್ಮಡಿಯನ್ನು ಎತ್ತಿ ಮುಂಗಾಲಿನ ಉಬ್ಬಿನ ಮೇಲೆ ತಿರುಗಿದರೆ ಅದೇ ತೂಕ, ಅದೇ ಅಟ್ಟೆ, ಆದರೂ ಮಂಡಿ ಉಳಿಯುತ್ತದೆ. ನಮ್ಮ ವಿದ್ಯಾರ್ಥಿ ಸದ್ಯಕ್ಕೆ ಬೆಳಗಿನ ಹೊತ್ತು ಇದೊಂದನ್ನೇ ಸಾಧಿಸುತ್ತಿದ್ದಾನೆ. ಟವೆಲು ಇನ್ನೂ ಬೆನ್ನ ಮೇಲೆಯೇ ಇದೆ.