ಕೀಲಿಮಣೆಯ ಬೆಳಕು: ಆರಿಸುವುದೂ ಹೊತ್ತಿಸುವುದೂ ಚಾಲಕ ತಂತ್ರಾಂಶವೇ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳಿಗೆ ಕೊರತೆಯಿಲ್ಲ. ನಿರಂತರ ಜ್ಯೋತಿ ಯೋಜನೆಯಡಿ ಊರೊಳಗಿನ ಮನೆಗಳಿಗೆ ಪಂಪ್‌ಸೆಟ್‌ಗಳಿಂದ ಪ್ರತ್ಯೇಕವಾದ ವಿದ್ಯುತ್ ಮಾರ್ಗ ದೊರೆತರೂ ತೋಟದ ವಸತಿಗಳು ಸಾಮಾನ್ಯವಾಗಿ ಪಂಪ್‌ಸೆಟ್ ಮಾರ್ಗವನ್ನೇ ನಂಬಿಕೊಂಡಿವೆ. ಕೂಡಗಿಯ 2,400 ಮೆಗಾವಾಟ್ ಸ್ಥಾವರವೂ ಆಲಮಟ್ಟಿಯ ಜಲವಿದ್ಯುತ್ ಕೇಂದ್ರವೂ ಇದೇ ಜಿಲ್ಲೆಯಲ್ಲಿವೆ ಎಂಬುದು ಬೇರೆ ಮಾತು. ರಾತ್ರಿ ಕರೆಂಟು ಹೋದಾಗ ಅಲ್ಲಿ ಓದುವ ವಿದ್ಯಾರ್ಥಿಗೆ ಉಳಿಯುವುದು ಲ್ಯಾಪ್‌ಟಾಪಿನ ಬ್ಯಾಟರಿ ಮತ್ತು ಕೀಲಿಗಳಡಿಯ ಮಂದ ಬೆಳಕು.

ಆ ಬೆಳಕು ಒಮ್ಮೊಮ್ಮೆ ಕೈಕೊಡುತ್ತದೆ. ಕಚೇರಿಗಳಲ್ಲಿ ಬಳಸಿ ಮಾರಿದ ಹಳೆಯ ಲ್ಯಾಪ್‌ಟಾಪ್ ಕೊಂಡು ಅದಕ್ಕೆ ಲಿನಕ್ಸ್ ಹಾಕಿದ ಮೇಲೆ ಕೀಲಿಗಳು ಬೆಳಗದಿದ್ದರೆ, ಕೀಲಿಮಣೆಯೇ ಕೆಟ್ಟಿತೆಂದು ಹೊಸದಕ್ಕೆ ಹಣ ತೆರುವವರುಂಟು. ತಪ್ಪು ಹಲವು ಬಾರಿ ತಂತ್ರಾಂಶದ್ದಾಗಿರುತ್ತದೆ.

ಕೀಲಿಗಳಡಿಯ ಎಲ್‌ಇಡಿಗಳನ್ನು ಲ್ಯಾಪ್‌ಟಾಪಿನ ಮುಖ್ಯ ಸಂಸ್ಕಾರಕ ಸಾಮಾನ್ಯವಾಗಿ ನೇರವಾಗಿ ಆಳುವುದಿಲ್ಲ. ಮದರ್‌ಬೋರ್ಡಿನ ಮೇಲಿನ ಮತ್ತೊಂದು ಪುಟ್ಟ ನಿಯಂತ್ರಕಕ್ಕೆ ಆ ಕೆಲಸ ವಹಿಸಲಾಗಿದೆ. ಅದಕ್ಕೆ ಆಜ್ಞೆ ತಲುಪಿಸುವುದು ಕಾರ್ಯಾಚರಣ ವ್ಯವಸ್ಥೆಯ ಚಾಲಕ ತಂತ್ರಾಂಶ, ಅಂದರೆ ಡ್ರೈವರ್. ತೊಡಕೆಂದರೆ ಥಿಂಕ್‌ಪ್ಯಾಡ್, ಡೆಲ್, ಆಸುಸ್ ಯಂತ್ರಗಳು ಒಂದೇ ಭಾಷೆಯ ಆಜ್ಞೆಗೆ ಓಗೊಡುವುದಿಲ್ಲ. ಒಂದೊಂದಕ್ಕೂ ಬೇರೆ ಚಾಲಕ ಬೇಕು.

ಈ ಗೊಂದಲಕ್ಕೆ ಲಿನಕ್ಸ್ ಕರ್ನಲ್‌ನಲ್ಲಿ 2006ರಲ್ಲಿ ಸೇರಿದ ಎಲ್‌ಇಡಿ ಉಪವ್ಯವಸ್ಥೆ ಸೊಗಸಾದ ಪರಿಹಾರ ಒದಗಿಸಿತು. ಒಳಗಿನ ಆಜ್ಞೆ ಏನೇ ಇರಲಿ, ಹೊರಗೆ ಪ್ರತಿ ದೀಪವೂ 'ಲೆಡ್ಸ್' ಕೋಶದೊಳಗಿನ ಒಂದು ಉಪಕೋಶವಾಗಿ ಕಾಣುತ್ತದೆ. ಅದರಲ್ಲಿ 'ಬ್ರೈಟ್‌ನೆಸ್' ಎಂಬ ಕಡತಕ್ಕೆ 0 ಬರೆದರೆ ಬೆಳಕು ಆರುತ್ತದೆ. 'ಮ್ಯಾಕ್ಸ್ ಬ್ರೈಟ್‌ನೆಸ್' ಕಡತದಲ್ಲಿರುವ ಅಂಕಿಯೇ ಗರಿಷ್ಠ ಮಿತಿ. ಥಿಂಕ್‌ಪ್ಯಾಡ್‌ನಲ್ಲಿ ಆ ಮಿತಿ 2. ಡೆಲ್‌ನ ಚಾಲಕವಂತೂ ಕೊನೆಯ ಕೀಲಿ ಒತ್ತಿದ ಎಷ್ಟು ಹೊತ್ತಿಗೆ ಬೆಳಕು ಆರಬೇಕೆಂಬುದನ್ನೂ ನಿಗದಿಪಡಿಸಲು ಬಿಡುತ್ತದೆ. ಬ್ಯಾಟರಿಯನ್ನೇ ನಂಬಿ ಕುಳಿತವರಿಗೆ ಇದು ದೊಡ್ಡ ಅನುಕೂಲ. ಆದರೂ ಪರದೆಯ ಬೆಳಕು ತಗ್ಗಿಸಿದರೆ ಆಗುವ ಉಳಿತಾಯ ಇದಕ್ಕಿಂತ ಹೆಚ್ಚು.

ದೋಷ ಹುಡುಕುವ ಬಗೆಯೂ ಇಲ್ಲಿಯೇ ಇದೆ. ಕೀಲಿಮಣೆಯ ದೀಪದ ಉಪಕೋಶವೇ ಕಾಣದಿದ್ದರೆ ಆ ಮಾದರಿಯನ್ನು ಚಾಲಕ ಗುರುತಿಸಿಲ್ಲ ಎಂದರ್ಥ. ಹೊಸ ಕರ್ನಲ್ ಹಾಕಿ ನೋಡುವುದು ಮೊದಲ ಉಪಾಯ. ಉಪಕೋಶವಿದ್ದೂ ಅಂಕಿ ಬದಲಿಸಲಾಗದಿದ್ದರೆ ಅದು ಅನುಮತಿಯ ಪ್ರಶ್ನೆ. ಆ ಕಡತಕ್ಕೆ ಬರೆಯುವ ಅಧಿಕಾರ ಸಾಮಾನ್ಯ ಬಳಕೆದಾರನಿಗಿರದು, ಆದ್ದರಿಂದಲೇ ಡೆಸ್ಕ್‌ಟಾಪ್ ತಂತ್ರಾಂಶಗಳು 'ಯುಪವರ್' ಎಂಬ ಸೇವೆಯ ಮೂಲಕ ಕೇಳಿಕೊಳ್ಳುತ್ತವೆ.

ಇನ್ನೊಂದು ವಿಚಿತ್ರವೂ ಉಂಟು. ಎಫ್‌ಎನ್ ಕೀಲಿ ಒತ್ತಿದಾಗ ಕೆಲವು ಯಂತ್ರಗಳಲ್ಲಿ ನಿಯಂತ್ರಕವೇ ಬೆಳಕನ್ನು ಬದಲಿಸಿಬಿಡುತ್ತದೆ, ಕಾರ್ಯಾಚರಣ ವ್ಯವಸ್ಥೆಗೆ ಸುಳಿವೂ ಸಿಗದು. ಮನೆಯ ಯಜಮಾನನಿಗೆ ತಿಳಿಯದೆ ದೀಪ ಆರಿಸಿದಂತೆ! ಅಂಥ ಬದಲಾವಣೆಯನ್ನು ತಿಳಿಸುವ ವ್ಯವಸ್ಥೆ 2017ರ 4.11 ಕರ್ನಲ್‌ನಲ್ಲಿ ಬಂತು.

ಮೊಬೈಲ್‌ಗಳಲ್ಲೂ ಇದೇ ಕಥೆ. 2008ರ ಎಚ್‌ಟಿಸಿ ಡ್ರೀಮ್‌ನಿಂದ ಮೊದಲ್ಗೊಂಡು ಆಂಡ್ರಾಯ್ಡ್ ಫೋನುಗಳಲ್ಲಿ ಪರದೆ, ಕೀಲಿಮಣೆ, ಗುಂಡಿಗಳ ಬೆಳಕುಗಳನ್ನು ಬೇರೆ ಬೇರೆಯಾಗಿಯೇ ಎಣಿಸಲಾಯಿತು. 2011ರ ಆಂಡ್ರಾಯ್ಡ್ 4.0 ಬಳಿಕ ಸ್ಪರ್ಶಕೀಲಿಗಳು ಕ್ರಮೇಣ ಪರದೆಯೊಳಗೆ ಸೇರಿಹೋದವು.

ಬೆಳಗುವ ಕೀಲಿಗಳ ಮೇಲೆ ಸಾಮಾನ್ಯವಾಗಿ ಇರುವುದು ಇಂಗ್ಲಿಷ್ ಅಕ್ಷರ ಮಾತ್ರ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಕನ್ನಡ ಬರೆಯುವವರಿಗೆ ಅದು ಸಾಲುತ್ತದೆ. ಇನ್‌ಸ್ಕ್ರಿಪ್ಟ್ ಬಳಸುವವರು ಬೆಳಕಿದ್ದರೂ ಕತ್ತಲಲ್ಲೇ ತಡಕಬೇಕು.

ಹಾಗೆಂದು ಎಲ್ಲಕ್ಕೂ ಚಾಲಕವೇ ಮದ್ದಲ್ಲ. ಒಂದೇ ಮಾದರಿಯ ಯಂತ್ರಗಳಲ್ಲೂ ಅಗ್ಗದವಕ್ಕೆ ಕೀಲಿಗಳಡಿ ದೀಪವನ್ನೇ ಕೂರಿಸಿರುವುದಿಲ್ಲ. ಹಳೆಯ ಯಂತ್ರ ಕೊಳ್ಳುವವರು ಹಣ ಎಣಿಸುವ ಮೊದಲು ಅಂಗಡಿಯಲ್ಲೇ ಬೆಳಕಿನ ಕೀಲಿ ಒತ್ತಿ ನೋಡುವುದು ಲೇಸು.