ಮೇಣದಬತ್ತಿ ಬೆಳಕಿನಲ್ಲಿ ಮೈಕ್‌ಸೆಟ್ ಗೆಳೆಯ

ನಮ್ಮ ಹೊರಕೆರೆದೇವಪುರದಲ್ಲಿ ಮೇಣದಬತ್ತಿ ಹುಡುಕುವುದು ಕರೆಂಟು ಹೋದಾಗ ಮಾತ್ರ. ಕರೆಂಟಿರುವ ಊರಿನಲ್ಲಿ ಬೇಕೆಂದೇ ದೀಪ ಆರಿಸಿ, ಮೇಣದಬತ್ತಿ ಬೆಳಕಿನಲ್ಲಿ ಸಿನಿಮಾ ಹಾಡು ನುಡಿಸುತ್ತಾರೆ, ಅದಕ್ಕೆ ಟಿಕೆಟ್ ಬೇರೆ ಎಂದರೆ ನನ್ನ ಹೆಂಡತಿ ನಂಬಲೇ ಇಲ್ಲ. ‘ನಮ್ಮನೆಗೇ ಕರಕಂಡು ಬನ್ನಿ, ದಿನಾ ಸಂಜೆ ಪುಕ್ಕಟೆ ತೋರಿಸ್ತೀನಿ’ ಎಂದಳು.

ಹೊರಟವರು ನಾಲ್ವರು. ಹೈಸ್ಕೂಲಿನಿಂದ ಒಂದೇ ಬೆಂಚಿನವರು. ಒಬ್ಬ ಅಡಿಕೆ ತೋಟದವನು, ಒಬ್ಬ ಬ್ಯಾಂಕಿನವನು, ವಿಜ್ಞಾನದ ಮೇಷ್ಟ್ರಾದ ನಾನು. ನಾಲ್ಕನೆಯವನು ನಮ್ಮ ಮೈಕ್‌ಸೆಟ್ ಗೆಳೆಯ. ಬ್ಯಾಂಕಿನವನ ಮಗಳು ಬೆಂಗಳೂರಿನಲ್ಲಿದ್ದಾಳೆ. ಟಿಕೆಟ್ ತೆಗೆದವಳು ಅವಳೇ.

ಮೈಕ್‌ಸೆಟ್ಟಿನವನ ಬಗ್ಗೆ ಸ್ವಲ್ಪ ಹೇಳಬೇಕು. ಲಕ್ಷ್ಮೀನರಸಿಂಹಸ್ವಾಮಿಯ ತೇರಿರಲಿ, ಮದುವೆಯಿರಲಿ, ಗಣಪತಿ ಕೂರಿಸುವುದಿರಲಿ, ಸುತ್ತಲಿನ ಹಳ್ಳಿಗಳಿಗೆ ಸಿನಿಮಾ ಸಂಗೀತ ತಲುಪಿಸಿದವನು ಅವನು. ಮೊದಲು ತಟ್ಟೆ, ಆಮೇಲೆ ಕ್ಯಾಸೆಟ್ಟು. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ ಒಮ್ಮೆ ಹಚ್ಚಿದನೆಂದರೆ ಮೂರು ಹಳ್ಳಿಗೆ ಕೇಳಬೇಕು. 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ನಮ್ಮ ಜಿಲ್ಲೆಯವರಿಗೆ ಸಿನಿಮಾ ಅಷ್ಟೇ ಅಲ್ಲ, ಮನೆಯ ಸಂಗತಿ. ತ.ರಾ.ಸು. ಅವರ ಕತೆ, ದುರ್ಗದ ಬಂಡೆಗಳು, ವಿಜಯಭಾಸ್ಕರ್ ಸಂಗೀತ. ಅದರ ಓಬವ್ವನ ಹಾಡನ್ನು ಹಾಕದೆ ಅವನು ಸೆಟ್ ಬಿಚ್ಚಿದ್ದಿಲ್ಲ. ಜನರೇಟರ್ ಒಂದು ಮಗ್ಗುಲಿಗೆ, ಸ್ಪೀಕರ್ ಡಬ್ಬ ಇನ್ನೊಂದು ಮಗ್ಗುಲಿಗೆ, ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ‘ನಿದ್ದೆ ಬರ್ತತೇನಲೇ?’ ಎಂದರೆ, ‘ಸದ್ದು ನಿಂತರೇನೇ ಎಚ್ಚರ ಆಗೋದು’ ಎನ್ನುತ್ತಿದ್ದ.

ಇನ್ನು ಕಛೇರಿ. ಫೀವರ್ ಎಂಬ ಸಂಸ್ಥೆ 2019ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಶುರುಮಾಡಿದ ಪದ್ಧತಿ ಇದು. ಈಗ ಜಗತ್ತಿನ ಎಷ್ಟೋ ನಗರಗಳಿಗೆ ಹಬ್ಬಿದೆ. ಒಳಗೆ ಕಾಲಿಟ್ಟರೆ ವೇದಿಕೆ, ಮೆಟ್ಟಿಲು, ಗೋಡೆಯ ಬುಡ ಎಲ್ಲೆಲ್ಲೂ ಬತ್ತಿಗಳು. ಹತ್ತಿರ ಹೋಗಿ ಒಂದರ ಮೇಲೆ ಕೈ ಹಿಡಿದೆ. ತಣ್ಣಗಿತ್ತು! ಎಲ್ಲವೂ ಬ್ಯಾಟರಿಯ ಎಲ್‌ಇಡಿ. ಅಡಿಕೆ ತೋಟದವನು ‘ಮೋಸ ಕಣಲೇ’ ಎಂದ. ನಾನು ಲೆಕ್ಕ ಹೇಳಿದೆ. ಉರಿಯುವ ಒಂದು ಮೇಣದಬತ್ತಿ ಸುಮಾರು 80 ವಾಟ್ ಶಾಖ ಕೊಡುತ್ತದೆ. ಸಾವಿರ ಹಚ್ಚಿದರೆ 80 ಕಿಲೋವಾಟ್. ಒಂದು ಕಿಲೋವಾಟಿನ ನೀರು ಕಾಯಿಸುವ ಕಾಯಿಲ್ ಎಂಬತ್ತನ್ನು ಕೋಣೆಯೊಳಗೆ ಹಚ್ಚಿಟ್ಟ ಹಾಗೆ. ಹೊಗೆ ಬೇರೆ. ಹಾಡು ಕೇಳುವುದಿರಲಿ, ಬೆಂದುಹೋಗುತ್ತಿದ್ದೆವು.

ನುಡಿಸಿದವರು ನಾಲ್ವರು: ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡ ವಯೋಲಾ, ಮಂಡಿಗಳ ನಡುವೆ ನಿಲ್ಲಿಸಿಕೊಳ್ಳುವ ಚೆಲ್ಲೊ. ಹಾಡುವವರು ಯಾರೂ ಇಲ್ಲ. ಮಾತು ತೆಗೆದ ಸಿನಿಮಾ ಹಾಡು ಸಿಪ್ಪೆ ಸುಲಿದ ಹಣ್ಣಿನಂತೆ ಅನ್ನಿ, ಗುರುತು ಹಿಡಿಯಲು ಒಂದು ಗಳಿಗೆ ಬೇಕು. ಹೆಚ್ಚಿನವು ಹಿಂದಿಯವು, ರೆಹಮಾನ್‌ದು ಕೆಲವು. ಚೆನ್ನಾಗಿದ್ದವು.

ಗುಟ್ಟು ಹೊರಬಿದ್ದದ್ದು ಈ ಅರೆಗತ್ತಲಲ್ಲಿ. ನಿರೂಪಣೆಯ ಹುಡುಗಿ ಏನೋ ತಮಾಷೆ ಹೇಳಿದಳು. ಸಭೆ ನಕ್ಕಿತು. ನಮ್ಮ ಮೈಕ್‌ಸೆಟ್ಟಿನವನು ನಮ್ಮ ಮುಖ ನೋಡಿ, ನಾವು ನಕ್ಕು ಮುಗಿಸಿದ ಮೇಲೆ ನಕ್ಕ. ಸ್ವಲ್ಪ ಹೊತ್ತಿಗೆ ನಾನು ಬಗ್ಗಿ, ‘ನೀರು ಬೇಕೇನೋ?’ ಎಂದು ಪಿಸುಗುಟ್ಟಿದೆ. ‘ಹ್ಞೂಂ, ಚೆನ್ನಾಗಿ ಬಾರಿಸ್ತಾರೆ’ ಎಂದ. ಇನ್ನೊಮ್ಮೆ ಕೇಳಿದೆ. ತಲೆಯಾಡಿಸಿದ. ಬಾಟಲಿಯತ್ತ ಕೈ ಚಾಚಲಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಕಿವಿಯ ಚಿತ್ರ ಬರೆಸಿದವನು ನಾನು. ಪಕ್ಕದಲ್ಲೇ ಕೂತವನ ಕಿವಿ ನನಗೆ ತಿಳಿದಿರಲಿಲ್ಲ. ಇಷ್ಟು ವರ್ಷ ಅವನು ನಮ್ಮ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಮಂದ ಬೆಳಕಿನಲ್ಲಿ ಕಣ್ಣಿಗೆ ಸೂಕ್ಷ್ಮ ಕಾಣದು, ತುಟಿಯೂ ಕಾಣದು. ಪಿಸುಮಾತಿನಲ್ಲಿ ಗಂಟಲಿನ ತಂತಿ ಕಂಪಿಸುವುದಿಲ್ಲ. ಬರುವುದು ಬರೀ ಉಸಿರಿನ ಸದ್ದು, ಬಹುಪಾಲು ಎತ್ತರದ ಕಂಪನಾಂಕದ್ದು. ದೊಡ್ಡ ಸದ್ದಿನಲ್ಲಿ ಬಾಳಿದವರ ಕಿವಿ ಮೊದಲು ಕಳೆದುಕೊಳ್ಳುವುದು ಅದನ್ನೇ. ಒಳಗಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್ ಮಿತಿ ಎನ್ನುತ್ತಾರೆ ತಿಳಿದವರು, ಮೂರು ಡೆಸಿಬಲ್ ಹೆಚ್ಚಿದರೆ ಸಮಯ ಅರ್ಧಕ್ಕಿಳಿಯಬೇಕು. ಹಾರ್ನಿನ ಪಕ್ಕ ಚಾಪೆ ಹಾಸಿದವನಿಗೆ ಯಾವ ಲೆಕ್ಕ?

ಅಷ್ಟರಲ್ಲಿ ಹೊಸ ಹಾಡು ಶುರುವಾಯಿತು. ಚೆಲ್ಲೊ ಒಂದೇ ಡುಂ ಡುಂ ಎನ್ನುತ್ತಿತ್ತು. ಪಿಟೀಲು ಇನ್ನೂ ಬಂದಿರಲಿಲ್ಲ. ನಮಗೆ ಮೂವರಿಗೂ ತಲೆಬುಡ ತಿಳಿಯಲಿಲ್ಲ. ಮೈಕ್‌ಸೆಟ್ಟಿನವನು ಮಾತ್ರ ಮಂಡಿ ತಟ್ಟುತ್ತಾ, ಅಕ್ಕಪಕ್ಕದವರು ತಿರುಗುವಷ್ಟು ದೊಡ್ಡದಾಗಿ ‘ಲೇ, ಗೀತಾ!’ ಎಂದ. ಹೌದು, ಶಂಕರನಾಗ್ 1981ರಲ್ಲಿ ಮಾಡಿದ ‘ಗೀತಾ’, ಇಳಯರಾಜ ಸಂಗೀತ. ಚೆಲ್ಲೊದ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಆ ತಗ್ಗು ಅವನ ಕಿವಿಯಲ್ಲಿ ಇನ್ನೂ ಉಳಿದಿದೆ. ಪಿಟೀಲು ಸೇರಿದ ಮೇಲೆ ನಾವು ತಲೆದೂಗಿದೆವು. ಅವನಿಗೆ ಆ ಹಾಡಿನ ಮೇಲ್ಭಾಗ ಎಷ್ಟು ಕೇಳಿತೋ, ಎಷ್ಟು ನೆನಪಿನಿಂದ ತುಂಬಿಕೊಂಡನೋ.

ಹೊರಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಟೀ ಕುಡಿಯುವಾಗ, ಮುಖಕ್ಕೆ ಮುಖ ಕೊಟ್ಟು ಕೇಳಿದೆ. ‘ಎಷ್ಟು ವರ್ಷದಿಂದಲೇ?’

‘ಸದ್ದೇನೋ ಕೇಳ್ತತೆ. ಮಾತು ತಿಳಿಯಲ್ಲ ಅಷ್ಟೇ’ ಎಂದ. ‘ಮನೆಯಾಗೆ ಅವಳು ಕೂಗ್ತಾಳೆ, ಸಿಟ್ಟು ಅಂದ್ಕೊಂಡು ನಾನೂ ಕೂಗ್ತೀನಿ. ಮೊಮ್ಮಗ ಮಾತು ಕಲಿತಾವ್ನೆ. ಏನಂತಾನೋ ಗೊತ್ತಾಗಲ್ಲ.’

ಅಡಿಕೆ ತೋಟದವನು ಗ್ಲಾಸು ಕೆಳಗಿಟ್ಟು ಬೇರೆ ಕಡೆ ನೋಡಿದ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಗೆ ಕರೆದುಕೊಂಡು ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ ಒಂದು ಗ್ರಾಫ್ ಕೊಟ್ಟರು. ಎಡಕ್ಕೆ ಸಮವಾಗಿದ್ದ ಗೆರೆ ಬಲಕ್ಕೆ ಹೋದಂತೆ ದುರ್ಗದ ಬಂಡೆಯ ಹಾಗೆ ಜಾರಿತ್ತು. 4,000 ಹರ್ಟ್ಸ್ ಬಳಿ ದೊಡ್ಡ ಗುಂಡಿ. ಸದ್ದು ಮಾಡಿದ ಗಾಯದ ಗುರುತು ಅದು.

ಶ್ರವಣ ಸಾಧನಕ್ಕೆ ಒಪ್ಪಲಿಲ್ಲ. ‘ಊರಿಗೆಲ್ಲ ಮೈಕ್ ಹಾಕಿದೋನು ಕಿವಿಗೆ ಮೈಕ್ ಹಾಕ್ಕಳದಾ? ಜನ ನಗಾಡ್ತಾರೆ’ ಎಂದ. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಆ ಮೊಮ್ಮಗ. ಮೊದಲ ದಿನ ಅದನ್ನು ಹಾಕಿಕೊಂಡು ಮನೆಗೆ ಬಂದಾಗ ಫ್ಯಾನಿನ ಸದ್ದು, ಪ್ಲಾಸ್ಟಿಕ್ ಚೀಲದ ಚರಪರ ಎಲ್ಲಾ ಕಿರಿಕಿರಿಯಾಯಿತಂತೆ. ಹುಡುಗ ‘ತಾತ, ಸಕ್ಕರೆ’ ಎಂದದ್ದು ಮಾತ್ರ ಸರಿಯಾಗಿ ಕೇಳಿತಂತೆ.

ಸೆಟ್ ಈಗ ಮಗನ ಕೈಗೆ ಹೋಗಿದೆ. ಹಾರ್ನಿಲ್ಲ, ಆಳೆತ್ತರದ ಡಬ್ಬಗಳು, ಎದೆಗೂಡು ನಡುಗುತ್ತದೆ. ಈಚಿನ ತೇರಿನಲ್ಲಿ ಅಪ್ಪ ಬಂದು, ಜನರೇಟರ್ ಪಕ್ಕ ಮಲಗಿದ್ದ ಕೆಲಸದ ಹುಡುಗನನ್ನು ಎಬ್ಬಿಸಿ, ಚಾಪೆಯನ್ನು ಎಳೆದುಕೊಂಡು ಹೋಗಿ ದೂರದ ಜಗಲಿಯ ಮೇಲೆ ಹಾಸಿಕೊಟ್ಟ. ಹಾಗೆ ಬರುವಾಗ ವಾಲ್ಯೂಮಿನ ಗುಂಡಿಯನ್ನೂ ಒಂದಿಷ್ಟು ತಿರುಗಿಸಿದ. ಮಗ ಮತ್ತೆ ಏರಿಸಿದ. ಇವನು ಮತ್ತೆ ಇಳಿಸಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂತ.