ಸೀನಿನ ಬಿರುಸು ಎಲ್ಲರಲ್ಲೂ ಒಂದೇ ಅಲ್ಲ

ಧೂಳು, ಪರಾಗ, ನಶ್ಯ ಅಥವಾ ಒಗ್ಗರಣೆಯ ಮೆಣಸಿನಕಾಯಿ ಘಾಟು ಮೂಗಿನ ಒಳಪೊರೆಗೆ ತಗುಲಿದಾಗ ಅಲ್ಲಿ ಹರಡಿಕೊಂಡಿರುವ ಟ್ರೈಜೆಮಿನಲ್ ನರದ ತುದಿಗಳು ಕೆರಳುತ್ತವೆ. ಸುದ್ದಿ ಮಿದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ಮುಟ್ಟುತ್ತದೆ. ಅಲ್ಲಿಂದ ಆಜ್ಞೆ ಬಂದೊಡನೆ ಎದೆ ಗಾಳಿ ತುಂಬಿಕೊಳ್ಳುತ್ತದೆ, ಗಂಟಲಿನ ಧ್ವನಿದ್ವಾರ ಮುಚ್ಚುತ್ತದೆ, ಹೊಟ್ಟೆ ಮತ್ತು ಪಕ್ಕೆಲುಬಿನ ಸ್ನಾಯುಗಳು ಬಿಗಿದು ಒಳಗೆ ಒತ್ತಡ ಏರುತ್ತದೆ. ದ್ವಾರ ತಟ್ಟನೆ ತೆರೆದಾಗ ಗಾಳಿ ಮೂಗು, ಬಾಯಿಗಳಿಂದ ಹೊರನುಗ್ಗುತ್ತದೆ. ಇಷ್ಟು ಎಲ್ಲರಿಗೂ ಸಮಾನ. ಆದರೂ ಒಬ್ಬರ ಸೀನು ಪಕ್ಕದವರಿಗೇ ಕೇಳಿಸದು. ಇನ್ನೊಬ್ಬರದು ಇಡೀ ಮನೆಯನ್ನು ಬೆಚ್ಚಿಬೀಳಿಸುತ್ತದೆ.

ಮೊದಲ ಕಾರಣ ಮೈಕಟ್ಟು. ಸೀನುವ ಮುನ್ನ ಎಷ್ಟು ಗಾಳಿ ಒಳಗೆ ಹೋಯಿತು, ಅದನ್ನು ಹೊರದಬ್ಬುವ ಸ್ನಾಯುಗಳಿಗೆ ಎಷ್ಟು ಬಲವಿದೆ ಎಂಬುದರ ಮೇಲೆ ರಭಸ ನಿಲ್ಲುತ್ತದೆ. ದೊಡ್ಡ ಶ್ವಾಸಕೋಶ, ಗಟ್ಟಿ ಹೊಟ್ಟೆಯಿರುವವರ ಸೀನು ಬಿರುಸಾಗುವುದು ಸಹಜ. ಮೂಗಿನ ದಾರಿ ಎಷ್ಟು ಅಗಲ, ನೆಗಡಿಯಿಂದ ಎಷ್ಟು ಕಟ್ಟಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಲರ್ಜಿ ಇರುವವರ ಒಳಪೊರೆ ಹಿಸ್ಟಮಿನ್‌ನಿಂದ ಮೊದಲೇ ಕೆರಳಿರುವುದರಿಂದ ಅವರಿಗೆ ಸೀನು ಸಾಲುಸಾಲಾಗಿ ಬರುತ್ತದೆ.

ಆದರೆ ಜೋರಾದ ಸೀನೆಲ್ಲ ರಭಸದ ಸೀನಲ್ಲ. ಶಬ್ದ ಹುಟ್ಟುವುದು ಗಾಳಿಯೊಂದಿಗೆ ಧ್ವನಿತಂತುಗಳೂ ಕಂಪಿಸಿದಾಗ, ಬಾಯಿ ಅಗಲವಾಗಿ ತೆರೆದಾಗ. ಇದರಲ್ಲಿ ರೂಢಿಯ ಪಾಲು ದೊಡ್ಡದು. ಕನ್ನಡಿಗರ ‘ಆಕ್ಷಿ’ ಬೇರೆ ಭಾಷೆಗಳಲ್ಲಿ ಬೇರೆ ಉಲಿಯಾಗುತ್ತದೆ. ಹುಟ್ಟುಕಿವುಡರಾದ ಹಲವರ ಸೀನಿನಲ್ಲಿ ಇಂಥ ಉಲಿಯೇ ಇರುವುದಿಲ್ಲ. ನಾಲ್ಕು ಜನರ ನಡುವೆ ಸದ್ದು ಮಾಡಬಾರದೆಂದು ಚಿಕ್ಕಂದಿನಿಂದ ಹೇಳಿಸಿಕೊಂಡವರು ಸೀನನ್ನು ತಗ್ಗಿಸುವುದನ್ನು ಕಲಿತಿರುತ್ತಾರೆ. ಹೆಣ್ಣುಮಕ್ಕಳಿಗೆ ಈ ಪಾಠ ಹೆಚ್ಚು ಸಿಕ್ಕಿದೆ ಎನ್ನಲು ಅಡ್ಡಿಯಿಲ್ಲ. ಹಾಗೆಂದು ಜೋರಾಗಿ ಸೀನುವವರನ್ನು ಒರಟರೆನ್ನುವುದು ತಪ್ಪು; ಪ್ರತಿಕ್ರಿಯೆ ಶುರುವಾದ ಮೇಲೆ ಅದರ ಮೇಲಿನ ಹಿಡಿತ ಬಹಳ ಕಡಿಮೆ.

ಸೀನು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ ಎಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. 2013ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನವೊಂದರಲ್ಲಿ ಅಳೆದಾಗ ಸಿಕ್ಕ ಗರಿಷ್ಠ ವೇಗ ಸೆಕೆಂಡಿಗೆ 4.5 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್ ಮಾತ್ರ. ಹಾಗಿದ್ದೂ ಹನಿಗಳು ದೂರ ಹೋಗುತ್ತವೆ. ಬಿಸಿಯಾದ, ತೇವಭರಿತ ಗಾಳಿ ಮೋಡದಂತೆ ಅವನ್ನು ಹೊತ್ತೊಯ್ಯುವುದರಿಂದ ಸೂಕ್ಷ್ಮಹನಿಗಳು 7–8 ಮೀಟರ್‌ವರೆಗೂ ತಲುಪಬಲ್ಲವೆಂದು ಅಮೆರಿಕದ ಎಂಐಟಿಯಲ್ಲಿ ಲಿಡಿಯಾ ಬೂರೂಯಿಬಾ ನಡೆಸಿದ ಸಂಶೋಧನೆ ತೋರಿಸಿದೆ.

ಸೀನು ಕೆರಳುವ ಬಗೆಯಲ್ಲಿ ವಂಶವಾಹಿಯ ಪಾತ್ರವೂ ಇದೆ. ಕತ್ತಲಿಂದ ಬಿಸಿಲಿಗೆ ಬಂದೊಡನೆ ಸೀನುವವರು ಸರಿಸುಮಾರು ನಾಲ್ವರಲ್ಲಿ ಒಬ್ಬರು; ತಂದೆ ಅಥವಾ ತಾಯಿಗೆ ಈ ಗುಣವಿದ್ದರೆ ಮಗುವಿಗೆ ಬರುವ ಸಂಭವ ಅರ್ಧದಷ್ಟು.

ಶಬ್ದಕ್ಕೆ ಹೆದರಿ ಸೀನನ್ನು ಅದುಮುವುದು ಮಾತ್ರ ಅಪಾಯಕಾರಿ. ಮೂಗು, ಬಾಯಿ ಎರಡನ್ನೂ ಮುಚ್ಚಿದರೆ ಒತ್ತಡ ಒಳಗೇ ಉಳಿಯುತ್ತದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 34 ವರ್ಷದ ಒಬ್ಬಾತ ಹೀಗೆ ಮಾಡಿ ಗಂಟಲು ಹರಿದುಕೊಂಡ ಪ್ರಕರಣ 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಅವನು ಒಂದು ವಾರ ಆಸ್ಪತ್ರೆಯಲ್ಲಿರಬೇಕಾಯಿತು. ಇಂಥದು ಅಪರೂಪ, ನಿಜ. ಆದರೂ ಸೀನು ಬಂದಾಗ ಅದನ್ನು ತಡೆಯದೆ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕರವಸ್ತ್ರಕ್ಕೋ ಮಡಚಿದ ಮೊಣಕೈಗೋ ಸೀನಿಬಿಡಿ.